ಮಗುವಿನ ಕೈಯಿಂದ ಕೆಲಸ ಕಿತ್ತುಕೊಳ್ಳಬೇಡಿ: ಮಾಂಟೆಸ್ಸರಿ ಕಲಿಕೆಗೆ ಮನೆ ಜೊತೆಯಾಗುವುದು ಹೇಗೆ?

ತುಮಕೂರಿನಲ್ಲಿ ಬಟವಾಡಿಯಿಂದ ಕ್ಯಾತ್ಸಂದ್ರದ ಕಡೆಗೆ ಹೊರಟರೆ ಸಾಕು, ‘ಮಾಂಟೆಸ್ಸರಿ’ ಎಂಬ ಬೋರ್ಡು ಕಣ್ಣಿಗೆ ಬೀಳುತ್ತದೆ. ಮಗುವನ್ನು ಸೇರಿಸಿ ಫೀಸು ಕಟ್ಟಿದ ಮೇಲೆ ಕಲಿಸುವುದು ಶಾಲೆಯವರ ಪಾಲು ಎಂದುಕೊಳ್ಳುವ ಮನೆಗಳು ಬಹಳ. ಶಾಲೆಯಲ್ಲಿ ತಾನೇ ನೀರು ಬಗ್ಗಿಸಿಕೊಂಡು ಕುಡಿಯುವ ಮಗುವಿಗೆ ಮನೆಯಲ್ಲಿ ಅಜ್ಜಿ ತುತ್ತು ಮಾಡಿ ಬಾಯಿಗಿಡುತ್ತಾರೆ, ಅಪ್ಪ ಚಪ್ಪಲಿ ಹಾಕುತ್ತಾರೆ. ಅದರಲ್ಲಿ ಪ್ರೀತಿಯೇ ಇರುವುದು. ಆದರೂ ಬೆಳಿಗ್ಗೆ ಕೈಗೆ ಹತ್ತಿದ ಕೆಲಸ ಸಂಜೆ ಹೊತ್ತಿಗೆ ತಪ್ಪಿಹೋಗುತ್ತದೆ.

ಮಗು ತನ್ನ ಕೈಯಾರೆ ಮಾಡುತ್ತಾ ಕಲಿಯುವ ಈ ಪದ್ಧತಿ ಉಳ್ಳವರ ಮಕ್ಕಳಿಗಾಗಿ ಹುಟ್ಟಿದ್ದಲ್ಲ. ಇಟಲಿಯ ವೈದ್ಯೆ ಮರಿಯಾ ಮಾಂಟೆಸ್ಸರಿ 1907ರಲ್ಲಿ ಮೊದಲ ‘ಮಕ್ಕಳ ಮನೆ’ ತೆರೆದದ್ದು ರೋಮ್ ನಗರದ ಸ್ಯಾನ್ ಲೊರೆಂಜೊದಲ್ಲಿ, ದುಡಿದು ತಿನ್ನುವವರ ಬಡಾವಣೆಯಲ್ಲಿ. 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದ ಆಕೆ ಎರಡನೇ ಮಹಾಯುದ್ಧ ಮುಗಿಯುವವರೆಗೂ ಭಾರತದಲ್ಲೇ ಉಳಿದು ಇಲ್ಲಿನ ಶಿಕ್ಷಕರಿಗೆ ತರಬೇತಿ ಕೊಟ್ಟರು. ಹಾಗಾಗಿ ದುಬಾರಿ ಸಾಮಾನು ಕೊಳ್ಳಲಾಗದ ಮನೆಯೂ ಧೈರ್ಯವಾಗಿ ಶುರು ಮಾಡಬಹುದು.

ಶಾಲೆಯನ್ನು ಹೀಗೆ ನೋಡಿ

ಮಾಂಟೆಸ್ಸರಿ ಎಂಬ ಹೆಸರನ್ನು ಯಾರು ಬೇಕಾದರೂ ಬರೆಸಿಕೊಳ್ಳಬಹುದು. ಹಾಗಾಗಿ ಸೇರಿಸುವ ಮುಂಚೆ, ಮಕ್ಕಳು ಇರುವ ಹೊತ್ತಿಗೇ ಹೋಗಿ ಒಂದಿಷ್ಟು ಹೊತ್ತು ಸುಮ್ಮನೆ ಕೂರಲು ಅನುಮತಿ ಕೇಳಿ. ಮೂರರಿಂದ ಆರು ವರ್ಷದವರು ಒಂದೇ ಕೋಣೆಯಲ್ಲಿದ್ದಾರೆಯೇ? ಸಾಮಗ್ರಿ ಮಕ್ಕಳ ಕೈಗೆಟುಕುವ ಹಲಗೆಯ ಮೇಲಿದೆಯೇ, ಬೀಗದ ಬೀರುವಿನಲ್ಲಿದೆಯೇ? ಮಗು ತನಗೆ ಬೇಕಾದ್ದನ್ನು ಆರಿಸಿಕೊಳ್ಳುತ್ತದೆಯೇ? ಮೂರು ವರ್ಷದ ಮಕ್ಕಳನ್ನು ಸಾಲಾಗಿ ಕೂರಿಸಿ ಎಬಿಸಿಡಿ ತಿದ್ದಿಸುತ್ತಿದ್ದರೆ ಅಲ್ಲಿ ಮಾಂಟೆಸ್ಸರಿ ಇರುವುದು ಬೋರ್ಡಿನ ಮೇಲೆ ಮಾತ್ರ.

ಒಳ್ಳೆಯ ಶಾಲೆಯಲ್ಲಿ ಬೆಳಗಿನ ಸುಮಾರು ಮೂರು ಗಂಟೆ ಯಾರೂ ಅಡ್ಡಬಾರದ ಕೆಲಸದ ಹೊತ್ತು. ಶಾಲೆಗೆ ಅರ್ಧ ಗಂಟೆ ತಡವಾಗಿ ತಂದು ಬಿಟ್ಟರೆ ಮಗುವಿಗೆ ನಷ್ಟವಾಗುವುದು ಆ ಹೊತ್ತೇ.

ಅಡುಗೆಮನೆಯಿಂದ ಶುರು ಮಾಡಿ

ಮಾಗಿಯ ಚಳಿಗೆ ಸೊಗಡವರೆ ಬಂದಾಗ ಇದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ಕಾಳು ಬಿಡಿಸಿ ರಾತ್ರಿ ನೆನೆಹಾಕಿ. ಬೆಳಿಗ್ಗೆ ಮಗುವಿನ ಎಡಗಡೆಗೆ ಕಾಳಿನ ಬಟ್ಟಲು, ಬಲಗಡೆಗೆ ಎರಡು ಖಾಲಿ ಬಟ್ಟಲು ಇಡಿ, ಒಂದು ಬೇಳೆಗೆ, ಒಂದು ಸಿಪ್ಪೆಗೆ. ನೀವು ಪಕ್ಕದಲ್ಲಿ ಕೂತು ಹೆಬ್ಬೆರಳು, ತೋರುಬೆರಳು, ನಡುಬೆರಳಲ್ಲಿ ಒಂದು ಕಾಳು ಹಿಡಿದು ನಿಧಾನವಾಗಿ ಹಿದುಕಿ ತೋರಿಸಿ. ತೋರಿಸುವಾಗ ಮಾತು ಬೇಡ. ಮಾತಾಡಿದರೆ ಮಗು ನಿಮ್ಮ ಮುಖ ನೋಡುತ್ತದೆ, ಬೆರಳು ನೋಡುವುದಿಲ್ಲ. ಎರಡು ಮೂರು ಕಾಳಾದ ಮೇಲೆ ಬಟ್ಟಲು ಅದರತ್ತ ಸರಿಸಿ.

ಮುಂದೆ ಪೆನ್ಸಿಲ್ ಹಿಡಿಯುವುದು ಇದೇ ಮೂರು ಬೆರಳು. ಬರೆಯುವ ಮೊದಲು ಅವು ಗಟ್ಟಿಯಾಗಬೇಕು. ಕಡಲೆಕಾಯಿ ಸುಲಿಯುವುದು, ಕೊತ್ತಂಬರಿ ಸೊಪ್ಪು ಬಿಡಿಸುವುದು, ಒದ್ದೆ ಕರವಸ್ತ್ರ ಹಿಂಡುವುದು ಕೂಡ ಕೈಗೆ ಅದೇ ಬಲ ಕೊಡುತ್ತವೆ. ಮೂರು ವರ್ಷಕ್ಕಿಂತ ಚಿಕ್ಕವರಿಗೆ ಕಾಳು ಕೊಡಲೇಬೇಡಿ. ದೊಡ್ಡವರೂ ಮೂಗಿಗೋ ಕಿವಿಗೋ ತುರುಕಿಕೊಳ್ಳದಂತೆ, ಹಸಿ ಕಾಳು ಬಾಯಿಗೆ ಹಾಕದಂತೆ ಪಕ್ಕದಲ್ಲಿ ಒಬ್ಬರು ಇರಲೇಬೇಕು.

ಕಷ್ಟವಾಗುವುದು ಮಗುವಿಗಲ್ಲ, ನೋಡುವ ನಮಗೆ. “ಅಯ್ಯೋ, ಚೆಲ್ಲಿಬಿಡ್ತೀಯ, ಕೊಡವ್ವ ನಾನೇ ಮಾಡ್ತೀನಿ” ಎಂಬ ಮಾತು ತುಟಿಗೆ ಬರುತ್ತದೆ. ಅದನ್ನು ತಡೆದು, ಚೆಲ್ಲಿದರೆ ಒರೆಸಲು ಒಂದು ಪುಟ್ಟ ಬಟ್ಟೆ ಕೈಗೆ ಕೊಡಿ. ಒರೆಸುವುದೂ ಕಲಿಕೆಯೇ. ಅಜ್ಜಿ ತಾತ ಇರುವ ಮನೆಯಲ್ಲಿ ಇದನ್ನು ಅವರಿಗೂ ಮೊದಲೇ ವಿವರಿಸಿ ಹೇಳಿ. ಅವರು ಒಪ್ಪಿದರೆ ಅರ್ಧ ಕೆಲಸ ಆದಂತೆ.

‘ಇದೇನು ಹೇಳು’ ಕೊನೆಗಿರಲಿ

ಹೊಸ ಪದ ಕಲಿಸಲು ಮಾಂಟೆಸ್ಸರಿಯಲ್ಲಿ ಮೂರು ಹಂತಗಳಿವೆ. ಹೀರೆಕಾಯಿ, ಸೋರೆಕಾಯಿ ಎರಡನ್ನೂ ಮುಟ್ಟಿಸಿ ‘ಇದು ಒರಟು’, ‘ಇದು ನುಣುಪು’ ಎನ್ನಿ. ಆಮೇಲೆ ‘ಒರಟು ಯಾವುದು, ಕೊಡು’ ಎಂದು ಕೇಳಿ. ಈ ಎರಡನೆಯ ಹಂತ ಆಟದಂತೆ ಎಷ್ಟು ದಿನ ನಡೆದರೂ ಚೆಂದ. ‘ಇದು ಹೇಗಿದೆ, ಹೇಳು’ ಎಂಬುದು ಮೂರನೆಯದು. ನೆಂಟರು ಬಂದಾಗ ನಾವು ನೇರ ಮೂರಕ್ಕೇ ಹಾರುತ್ತೇವೆ, ಮಗು ಬಾಯಿ ಕಟ್ಟಿ ನಿಲ್ಲುತ್ತದೆ. ಉತ್ತರ ತಪ್ಪಿದರೆ ಗದರಿಸದೆ ಮೊದಲ ಹಂತಕ್ಕೆ ಮರಳಿ.

ಅಕ್ಷರ ಬೆರಳಿಂದ ಬರಲಿ

ಮರ ಉಜ್ಜುವ ಉಪ್ಪುಕಾಗದದಲ್ಲಿ ಅಕ್ಷರ ಕತ್ತರಿಸಿ ರಟ್ಟಿಗೆ ಅಂಟಿಸಿ. ಬರೆಯುವ ದಿಕ್ಕಿನಲ್ಲೇ ತೋರುಬೆರಳು, ನಡುಬೆರಳು ಸವರುತ್ತಾ ಆ ಅಕ್ಷರದ ಉಚ್ಚಾರ ಹೇಳಿ, ಮಗುವಿನಿಂದಲೂ ಹೇಳಿಸಿ. ಅಕ್ಷರಾಭ್ಯಾಸದ ದಿನ ಅಕ್ಕಿಯ ಮೇಲೆ ಬೆರಳಾಡಿಸಿ ಬರೆಸಿ ಅಲ್ಲಿಗೇ ಬಿಡುತ್ತೇವಲ್ಲ, ತಟ್ಟೆಯಲ್ಲಿ ರಾಗಿ ಹರಡಿ ಅದನ್ನೇ ದಿನವೂ ಮುಂದುವರಿಸಬಹುದು. ವರ್ಣಮಾಲೆಯ ಸಾಲು ಹಿಡಿಯಲೇಬೇಕೆಂದಿಲ್ಲ. ನಮ್ಮ ಸರ್ಕಾರಿ ಶಾಲೆಗಳ ನಲಿಕಲಿ ಪದ್ಧತಿಯಲ್ಲಿ ಅಕ್ಷರ ಕಲಿಸುವ ರ, ಗ, ಸ, ದ, ಅ ಕ್ರಮ ಮನೆಗೂ ಒಳ್ಳೆಯದು. ಐದೇ ಅಕ್ಷರಕ್ಕೆ ಸರ, ಅರಸ, ಗರಗಸ ಎಲ್ಲ ಬಂದುಬಿಡುತ್ತವೆ.

ಪಾವಗಡದ ಕಡೆಯ ಮನೆಗಳಲ್ಲಿ ತೆಲುಗು, ಇನ್ನು ಎಷ್ಟೋ ಮನೆಗಳಲ್ಲಿ ಉರ್ದು ಮಾತು. ಇಂಗ್ಲಿಷ್ ಬರಲೆಂದು ಅದನ್ನು ಬಿಡಬೇಡಿ. ಕತೆ ಹೇಳುವುದು, ರೇಗುವುದು, ಮುದ್ದು ಮಾಡುವುದು ಮನೆಮಾತಿನಲ್ಲೇ ಇರಲಿ. ನಿಮಗೆ ಮಾತು ಧಾರಾಳವಾಗಿ ಬರುವುದು ಅದರಲ್ಲೇ, ಮಗುವಿಗೆ ಪದಗಳು ಸಿಗುವುದೂ ಅದರಿಂದಲೇ.

ನಲವತ್ತೈದು ಕಡ್ಡಿಯ ಲೆಕ್ಕ

ಕಲ್ಪತರು ನಾಡಿನಲ್ಲಿ ತೆಂಗಿನಗರಿಯ ಕಡ್ಡಿಗೆ ಬರವಿಲ್ಲ. ಗೇಣಿನಷ್ಟುದ್ದದ 45 ತುಂಡು ಮಾಡಿ, ಚುಚ್ಚದಂತೆ ತುದಿ ಉಜ್ಜಿ. ಹತ್ತು ಲೋಟಗಳಿಗೆ 0ಯಿಂದ 9ರವರೆಗೆ ಅಂಕಿ ಬರೆದ ಚೀಟಿ ಅಂಟಿಸಿ. ನಾಲ್ಕು ವರ್ಷ ತುಂಬಿದ ಮಗು ಎಣಿಸಿ ಎಣಿಸಿ ಹಾಕಲಿ. ಒಂದರಿಂದ ಒಂಬತ್ತರವರೆಗೆ ಕೂಡಿದರೆ 45. ಎಲ್ಲೋ ಒಂದು ಕಡಿಮೆ ಹಾಕಿದ್ದರೆ ಕೊನೆಗೆ ಕಡ್ಡಿ ಉಳಿಯುತ್ತದೆ, ಹೆಚ್ಚು ಹಾಕಿದ್ದರೆ ಸಾಲದೆ ಹೋಗುತ್ತದೆ. ತಪ್ಪನ್ನು ಕಡ್ಡಿಯೇ ಹೇಳುವುದರಿಂದ ನೀವು ಹೇಳಬೇಕಾದ್ದಿಲ್ಲ. ಸೊನ್ನೆಯ ಲೋಟ ಯಾಕೆ ಖಾಲಿ ಎಂದು ಮಗು ಕೇಳುವ ದಿನ, ಸೊನ್ನೆ ಅರ್ಥವಾಗತೊಡಗಿದೆ ಎಂದೇ ತಿಳಿಯಿರಿ.

ಕಲಿಸುವ ಆಂಟಿಯರ ಹತ್ತಿರ ಏನು ಕೇಳಬೇಕು?

ಮನೆಗೆ ಬಂದ ತಕ್ಷಣ “ಇವತ್ತು ಏನ್ ಬರೆದೆ ಪುಟ್ಟಾ?” ಎಂದು ಶುರು ಮಾಡಬೇಡಿ. ತೋರಿಸಲು ಬರಹವಿಲ್ಲದ ದಿನವೂ ಮಗು ಬೇಕಾದಷ್ಟು ಕೆಲಸ ಮಾಡಿರುತ್ತದೆ. ಪೋಷಕರ ಸಭೆಯಲ್ಲಿ ಆಂಟಿಯರನ್ನು ಕೇಳಬೇಕಾದ ಪ್ರಶ್ನೆಗಳು ಬೇರೆ. ಮಗು ತಾನಾಗಿ ಯಾವ ಕೆಲಸ ಆರಿಸಿಕೊಳ್ಳುತ್ತದೆ? ಎಷ್ಟು ಹೊತ್ತು ಅದರಲ್ಲಿ ಮುಳುಗಿರುತ್ತದೆ? ಸಾಮಗ್ರಿ ಬೇರೆಯವರ ಕೈಯಲ್ಲಿದ್ದಾಗ ಕಾಯುತ್ತದೆಯೇ? ಈ ವಾರ ಯಾವುದನ್ನು ತೋರಿಸಿಕೊಟ್ಟಿರಿ, ಮನೆಯಲ್ಲಿ ಅದಕ್ಕೆ ಹತ್ತಿರದ ಕೆಲಸ ಯಾವುದಿದೆ? ಕೊನೆಯ ಪ್ರಶ್ನೆಗೆ ಅವರು ಹೇಳುವ ಉತ್ತರವನ್ನು ಬರೆದುಕೊಂಡು ಬನ್ನಿ.