ಬಿಲ್ಡ್ ಟೂಲ್ ಒಂದಕ್ಕೆ ಡೆಬಿಯನ್ ಪ್ಯಾಕೇಜ್ ಸಿದ್ಧಪಡಿಸುವ ಕ್ರಮ

ತುಮಕೂರಿನಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಚಿಕ್ಕ ಗುಂಪಿಗೆ ಪ್ಯಾಕೇಜಿಂಗ್, ಅಂದರೆ ತಂತ್ರಾಂಶವನ್ನು ಸುಲಭವಾಗಿ ಇನ್‌ಸ್ಟಾಲ್ ಮಾಡಬಹುದಾದ ರೂಪಕ್ಕೆ ತರುವುದನ್ನು ಹೇಳಿಕೊಡುವಾಗ ನಾನು ಆರಿಸಿಕೊಳ್ಳುವ ಉದಾಹರಣೆ ನಿಂಜಾ ಎಂಬ ಬಿಲ್ಡ್ ಟೂಲ್. ಬೇರೆ ತಂತ್ರಾಂಶಗಳನ್ನು ಬಿಲ್ಡ್ ಮಾಡುವುದೇ, ಅಂದರೆ ಮೂಲ ಕೋಡ್‌ನಿಂದ ಓಡಿಸಬಲ್ಲ ಪ್ರೋಗ್ರಾಂ ತಯಾರಿಸುವುದೇ ಇದರ ಕೆಲಸವಾದ್ದರಿಂದ, ಇದನ್ನು ಬಿಲ್ಡ್ ಮಾಡುವುದು ಯಾವುದರಿಂದ ಎಂಬ ಪ್ರಶ್ನೆ ಮೊದಲೇ ಎದುರಾಗುತ್ತದೆ.

ಆರಂಭದಲ್ಲಿ ಹೆಸರನ್ನು ಪರಿಶೀಲಿಸಿ. ಲಿನಕ್ಸ್ ಆಧಾರಿತ ಆಪರೇಟಿಂಗ್ ಸಿಸ್ಟಂ ಆದ ಡೆಬಿಯನ್‌ನಲ್ಲಿ ನಿಂಜಾ ಎಂಬ ಬೇರೊಂದು ಪ್ಯಾಕೇಜ್ ಮೊದಲೇ ಇದ್ದುದರಿಂದ ಈ ಟೂಲ್ ನಿಂಜಾ-ಬಿಲ್ಡ್ ಎಂಬ ಹೆಸರಿನಲ್ಲಿ ಸೇರಬೇಕಾಯಿತು.

ಮೂಲ ಕೋಡ್‌ನ ಒಳಗೆ ಡೆಬಿಯನ್ ಎಂಬ ಫೋಲ್ಡರ್ ಮಾಡಿ, ಕಂಟ್ರೋಲ್, ರೂಲ್ಸ್, ಚೇಂಜ್‌ಲಾಗ್, ಕಾಪಿರೈಟ್ ಕಡತಗಳನ್ನು ಬರೆಯಿರಿ. ಇವುಗಳಲ್ಲಿ ಹೆಚ್ಚು ಯೋಚನೆ ಬೇಡುವುದು ಕಂಟ್ರೋಲ್ ಕಡತದ ಬಿಲ್ಡ್-ಡಿಪೆಂಡ್ಸ್ ಭಾಗ, ಅಂದರೆ ಬಿಲ್ಡ್ ಮಾಡಲು ಬೇಕಾದ ಬೇರೆ ಪ್ಯಾಕೇಜ್‌ಗಳ ಪಟ್ಟಿ. ನಿಂಜಾದ ಜೊತೆಗೇ ಬರುವ ಪೈಥಾನ್ ಸ್ಕ್ರಿಪ್ಟನ್ನು ಬೂಟ್‌ಸ್ಟ್ರಾಪ್ (ಬೇರೆ ಬಿಲ್ಡ್ ಟೂಲ್ ಇಲ್ಲದೆ ತಯಾರಾಗುವ) ಆಯ್ಕೆ ಕೊಟ್ಟು ಓಡಿಸಿದರೆ, ಸಿ ಪ್ಲಸ್ ಪ್ಲಸ್ ಕಂಪೈಲರ್ ಒಂದರಿಂದಲೇ ನಿಂಜಾ ತಯಾರಾಗುತ್ತದೆ. ಎಲ್ಲ ಬಿಲ್ಡ್‌ಗಳಲ್ಲೂ ಇದ್ದೇ ಇರುವ ಸಾಧನಗಳ ಗುಂಪಾದ ಬಿಲ್ಡ್-ಎಸೆನ್ಷಿಯಲ್‌ನಲ್ಲಿಯೇ ಕಂಪೈಲರ್ ಇರುವುದರಿಂದ ಅದನ್ನು ಬರೆಯಬೇಕಿಲ್ಲ. ಪ್ಯಾಕೇಜ್ ಕಟ್ಟುವ ಹಂತಗಳನ್ನು ತಾನೇ ನಡೆಸಿಕೊಡುವ ಡೆಬ್‌ಹೆಲ್ಪರ್ ಮತ್ತು ಪೈಥಾನ್ 3 ಇದ್ದರೆ ಸಾಕು. ಪಟ್ಟಿಯನ್ನು ಇಷ್ಟು ಬಿಗಿಯಾಗಿ ಇಡಬೇಕೆಂದು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ: ಹೊಸ ಬಗೆಯ ಪ್ರೊಸೆಸರಿಗೆ ಡೆಬಿಯನ್ ಅನ್ನು ಒಯ್ಯುವವರು, ನಿಂಜಾದ ಮೂಲಕ ಕೆಲಸ ಮಾಡುವ ಮೆಸನ್ ಎಂಬ ಬಿಲ್ಡ್ ವ್ಯವಸ್ಥೆಯನ್ನು ಬಳಸುವ ನೂರಾರು ಪ್ಯಾಕೇಜ್‌ಗಳಿಗಿಂತ ಮುಂಚೆ ನಿಂಜಾವನ್ನು ಸಿದ್ಧಮಾಡಿಕೊಳ್ಳಬೇಕಾಗುತ್ತದೆ, ಮತ್ತು ನಾವು ಸೇರಿಸುವ ಒಂದೊಂದು ಅವಲಂಬನೆಯೂ ಅವರ ದಾರಿಗೆ ಅಡ್ಡವಾಗುತ್ತದೆ.

ರೂಲ್ಸ್ ಎಂಬುದು ಮೇಕ್‌ಫೈಲ್ (ಮೇಕ್ ಎಂಬ ಟೂಲ್ ಓದುವ ಆದೇಶಗಳ ಕಡತ) ಆದ್ದರಿಂದ ಆದೇಶದ ಸಾಲುಗಳು ಟ್ಯಾಬ್‌ನಿಂದಲೇ ಆರಂಭವಾಗಬೇಕು. ಇಲ್ಲಿ ಎಚ್ಚರ ಬೇಕಾದ ಇನ್ನೊಂದು ವಿಷಯವೆಂದರೆ, ನಿಂಜಾದ ಮೂಲ ಕೋಡ್‌ನಲ್ಲಿ ಸಿಮೇಕ್ ಎಂಬ ಇನ್ನೊಂದು ಬಿಲ್ಡ್ ವ್ಯವಸ್ಥೆಯ ಕಡತವೂ ಇರುವುದರಿಂದ ಡೆಬ್‌ಹೆಲ್ಪರ್ ತಾನಾಗಿ ಸಿಮೇಕ್ ಅನ್ನೇ ಹುಡುಕುತ್ತದೆ. ಆದ್ದರಿಂದ ಕಾನ್ಫಿಗರ್ ಮತ್ತು ಬಿಲ್ಡ್ ಹಂತಗಳನ್ನು ಓವರ್‌ರೈಡ್ ಮಾಡಿ (ಡೆಬ್‌ಹೆಲ್ಪರ್‌ನ ಕ್ರಮವನ್ನು ಬದಲಿಸಿ) ಬೂಟ್‌ಸ್ಟ್ರಾಪ್ ಆದೇಶವನ್ನು ನೀವೇ ಕೊಡಬೇಕು.

ಬಳಿಕ ಪ್ಯಾಕೇಜನ್ನು ಪ್ರತ್ಯೇಕವಾಗಿ ಬಿಲ್ಡ್ ಮಾಡುವ ಎಸ್‌ಬಿಲ್ಡ್ ಎಂಬ ಟೂಲ್ ಬಳಸಿ, ಏನನ್ನೂ ಹೆಚ್ಚುವರಿಯಾಗಿ ಹಾಕಿರದ ಶುದ್ಧ ಪರಿಸರದಲ್ಲಿ ಬಿಲ್ಡ್ ಮಾಡಿ. ಗುಬ್ಬಿಯಿಂದ ಬರುವ ವಿದ್ಯಾರ್ಥಿನಿಯೊಬ್ಬರ ಲ್ಯಾಪ್‌ಟಾಪ್‌ನಲ್ಲಿ ಸಲೀಸಾಗಿ ಆದ ಬಿಲ್ಡ್ ಇಲ್ಲಿ ನಿಂತುಹೋಯಿತು. ಪಟ್ಟಿಯಲ್ಲಿ ಪೈಥಾನ್ ಬಿಟ್ಟುಹೋಗಿತ್ತು. ಬಿಲ್ಡ್ ನಡೆಯುವಾಗ ಇಂಟರ್ನೆಟ್‌ನಿಂದ ಏನನ್ನೂ ಇಳಿಸಿಕೊಳ್ಳಬಾರದೆಂಬುದು ಡೆಬಿಯನ್ ನಿಯಮ. ಆದ್ದರಿಂದ ಸಂಪರ್ಕವನ್ನು ಕಡಿದೇ ಪರೀಕ್ಷಿಸುವುದು ಒಳ್ಳೆಯದು. ಪ್ಯಾಕೇಜ್‌ನ ತಪ್ಪುಗಳನ್ನು ಹುಡುಕುವ ಲಿಂಟಿಯನ್ ತೋರಿಸುವ ದೋಷಗಳನ್ನೂ ಸರಿಪಡಿಸಿಕೊಳ್ಳಿ.

ಕೊನೆಯಲ್ಲಿ ಡೆಬಿಯನ್ ಫೋಲ್ಡರಿನ ಟೆಸ್ಟ್ಸ್ ಎಂಬ ಒಳಫೋಲ್ಡರಿನಲ್ಲಿ, ಇನ್‌ಸ್ಟಾಲ್ ಆದ ಪ್ಯಾಕೇಜನ್ನು ಪರೀಕ್ಷಿಸುವ ಆಟೋಪಿಕೆಜಿಟೆಸ್ಟ್‌ಗಾಗಿ ಒಂದು ಪರೀಕ್ಷೆ ಬರೆಯಿರಿ. ಇನ್‌ಸ್ಟಾಲ್ ಆದ ನಿಂಜಾ ಚಿಕ್ಕ ಸಿ ಪ್ರೋಗ್ರಾಂ ಒಂದನ್ನು ಬಿಲ್ಡ್ ಮಾಡಲಿ. ಏನನ್ನೂ ಬದಲಿಸದೆ ಅದನ್ನೇ ಎರಡನೆಯ ಬಾರಿ ಓಡಿಸಿದಾಗ, ಮಾಡಲು ಕೆಲಸವಿಲ್ಲ ಎಂಬ ಸಂದೇಶ ಬರುತ್ತದೆಯೇ ಎಂದು ನೋಡಿ.