ಗ್ರಾಂನಿಂದ ಮೈಕ್ರೋಗ್ರಾಂವರೆಗೆ: ಸಣ್ಣ ತೂಕಗಳ ಲೆಕ್ಕ ತಪ್ಪದಂತೆ ಮಾಡುವುದು ಹೇಗೆ?

ಸಣ್ಣ ತೂಕಗಳನ್ನು ಪರಿವರ್ತಿಸುವಾಗ ಗುಣಾಕಾರ, ಭಾಗಾಕಾರ ತಪ್ಪುವುದು ಅಪರೂಪ. ತಪ್ಪುವುದು ಸೊನ್ನೆಗಳಲ್ಲಿ. ಮೂರು ಸೊನ್ನೆ ಹೆಚ್ಚೋ ಕಡಿಮೆಯೋ ಆದರೆ ಉತ್ತರ ಒಮ್ಮೆಗೇ ಸಾವಿರ ಪಟ್ಟು ಆಚೀಚೆ ಹೋಗುತ್ತದೆ. ಮೊದಲ ಅಂಕಿಗಳು ಸರಿಯಾಗಿಯೇ ಇರುವುದರಿಂದ ಆ ತಪ್ಪು ಕಣ್ಣಿಗೆ ಬೀಳುವುದೂ ಇಲ್ಲ. ಆದ್ದರಿಂದ ಸೂತ್ರಕ್ಕಿಂತ ಮೊದಲು ಈ ನಾಲ್ಕು ಸಾಲು ಬಾಯಿಗೆ ಬರಬೇಕು:

1 ಕಿಲೋಗ್ರಾಂ = 1000 ಗ್ರಾಂ
1 ಗ್ರಾಂ = 1000 ಮಿಲಿಗ್ರಾಂ
1 ಮಿಲಿಗ್ರಾಂ = 1000 ಮೈಕ್ರೋಗ್ರಾಂ
1 ಮೈಕ್ರೋಗ್ರಾಂ = 1000 ನ್ಯಾನೋಗ್ರಾಂ

ಗ್ರಾಂ ಮತ್ತು ಮಿಲಿಗ್ರಾಂ ನಡುವೆ ಡೆಸಿಗ್ರಾಂ, ಸೆಂಟಿಗ್ರಾಂ ಎಂಬ ಇನ್ನೆರಡು ಮಾನಗಳಿವೆ. ಒಂದು ಗ್ರಾಂಗೆ 10 ಡೆಸಿಗ್ರಾಂ ಅಥವಾ 100 ಸೆಂಟಿಗ್ರಾಂ. ಪಠ್ಯಪುಸ್ತಕದಾಚೆ ಇವುಗಳ ಬಳಕೆ ಬಹಳ ಕಡಿಮೆ. ಎಲ್ಲಾದರೂ ಎದುರಾದರೆ ತಕ್ಷಣ ಮಿಲಿಗ್ರಾಂಗೆ ಇಳಿಸಿಕೊಳ್ಳಿ: 1 ಡೆಸಿಗ್ರಾಂ ಎಂದರೆ 100 ಮಿಲಿಗ್ರಾಂ, 1 ಸೆಂಟಿಗ್ರಾಂ ಎಂದರೆ 10 ಮಿಲಿಗ್ರಾಂ.

ಅಳತೆಯ ಅಂದಾಜು

ಉತ್ತರ ಅಸಂಬದ್ಧವಾಗಿದ್ದರೆ ಅದು ಹೊಳೆಯಬೇಕಾದರೆ ಈ ಮಾನಗಳ ಗಾತ್ರ ಮನಸ್ಸಿನಲ್ಲಿರಬೇಕು. ಇದಕ್ಕೆ ನೀರಿಗಿಂತ ಒಳ್ಳೆಯ ಆಧಾರವಿಲ್ಲ. 1795ರಲ್ಲಿ ಫ್ರಾನ್ಸ್ ಗ್ರಾಂ ಅನ್ನು ಮೊದಲು ನಿಗದಿ ಮಾಡಿದ್ದೂ ನೀರಿನಿಂದಲೇ: ಒಂದು ಘನ ಸೆಂಟಿಮೀಟರ್ ತಣ್ಣನೆಯ ನೀರಿನ ತೂಕ. 2019ರ ಮೇ 20ರಿಂದ ಕಿಲೋಗ್ರಾಂನ ವ್ಯಾಖ್ಯೆ ಪ್ಲಾಂಕ್ ಸ್ಥಿರಾಂಕ ಎಂಬ, ಭೌತವಿಜ್ಞಾನದ ಬದಲಾಗದ ಸಂಖ್ಯೆಯೊಂದರ ಮೇಲೆ ನಿಂತಿದೆ. ಆದರೂ ಅಂದಾಜಿಗೆ ಹಳೆಯ ಲೆಕ್ಕವೇ ಸಾಕು. ಪ್ರತಿ ಬದಿಯೂ 1 ಸೆಂಟಿಮೀಟರ್ ಇರುವ ನೀರಿನ ಘನ 1 ಗ್ರಾಂ, 1 ಮಿಲಿಮೀಟರ್ ಬದಿಯದು 1 ಮಿಲಿಗ್ರಾಂ, ಮಿಲಿಮೀಟರಿನ ಹತ್ತನೇ ಒಂದು ಭಾಗದ ಬದಿಯದು 1 ಮೈಕ್ರೋಗ್ರಾಂ. ಡ್ರಾಪರ್‌ನಿಂದ ಬೀಳುವ ಒಂದು ಹನಿ ನೀರು ಸುಮಾರು 50 ಮಿಲಿಗ್ರಾಂ ತೂಗುತ್ತದೆ. ಮೈಕ್ರೋಗ್ರಾಂ ಬರಿಗಣ್ಣಿಗೆ ಕಂಡರೂ ಒಂದು ಚುಕ್ಕೆಯಷ್ಟೇ ಎಂಬುದನ್ನು ನೆನಪಿಡಿ.

ಪರಿವರ್ತಿಸುವ ಕ್ರಮ

ದೊಡ್ಡ ಮಾನದಿಂದ ಸಣ್ಣದಕ್ಕೆ ಇಳಿದರೆ ಸಂಖ್ಯೆ ಬೆಳೆಯುತ್ತದೆ, ಆದ್ದರಿಂದ ಗುಣಿಸಬೇಕು. ಸಣ್ಣದರಿಂದ ದೊಡ್ಡದಕ್ಕೆ ಏರಿದರೆ ಸಂಖ್ಯೆ ಕುಗ್ಗುತ್ತದೆ, ಆದ್ದರಿಂದ ಭಾಗಿಸಬೇಕು. ಮೇಲಿನ ಪಟ್ಟಿಯಲ್ಲಿ ಎಷ್ಟು ಮೆಟ್ಟಿಲು ಇಳಿಯಬೇಕು ಅಥವಾ ಏರಬೇಕು ಎಂದು ಎಣಿಸಿ. ಒಂದೊಂದು ಮೆಟ್ಟಿಲಿಗೂ ದಶಮಾಂಶ ಬಿಂದು ಮೂರು ಸ್ಥಾನ ಸರಿಯುತ್ತದೆ: ಇಳಿಯುವಾಗ ಬಲಕ್ಕೆ, ಏರುವಾಗ ಎಡಕ್ಕೆ. ಖಾಲಿ ಬಿದ್ದ ಸ್ಥಾನಕ್ಕೆ ಸೊನ್ನೆ ತುಂಬಿ.

0.075 ಗ್ರಾಂ ಎಷ್ಟು ಮೈಕ್ರೋಗ್ರಾಂ? ಮೊದಲ ಮೆಟ್ಟಿಲಿಗೆ 75 ಮಿಲಿಗ್ರಾಂ, ಎರಡನೆಯದಕ್ಕೆ 75,000 ಮೈಕ್ರೋಗ್ರಾಂ. ಹಿಮ್ಮುಖವಾಗಿ, 250 ಮೈಕ್ರೋಗ್ರಾಂ ಎಂದರೆ 0.25 ಮಿಲಿಗ್ರಾಂ, ಅಂದರೆ 0.00025 ಗ್ರಾಂ. ಒಂದೇ ನೆಗೆತಕ್ಕೆ ಆರು ಸ್ಥಾನ ಸರಿಸಲು ಹೋಗಬೇಡಿ. ನಡುವಿನ ಮಿಲಿಗ್ರಾಂ ಸಾಲನ್ನು ಬರೆದೇ ಮುಂದೆ ಹೋಗಿ. ಸೊನ್ನೆ ತಪ್ಪುವುದು ಬಹುತೇಕ ಈ ನೆಗೆತದಲ್ಲೇ. ಸಂಖ್ಯೆಯ ಪಕ್ಕದಲ್ಲಿ ಪ್ರತಿ ಸಾಲಿನಲ್ಲೂ ಮಾನದ ಹೆಸರು ಇರಲಿ, ಕೊನೆಗೆ ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ಮೊದಲ ಸಂಖ್ಯೆ ಬರುತ್ತದೆಯೇ ನೋಡಿ.

ಅಲ್ಪವಿರಾಮದ ಬಗ್ಗೆ ಒಂದು ಮಾತು. ನಾವು ಲಕ್ಷದ ಲೆಕ್ಕದಲ್ಲಿ 12,00,000 ಎಂದು ಎರಡೆರಡು ಅಂಕಿಗೆ ಅಲ್ಪವಿರಾಮ ಹಾಕುತ್ತೇವೆ. ಆದರೆ ಮೆಟ್ರಿಕ್ ಮೆಟ್ಟಿಲುಗಳಿಗೆ ಬೇಕಾದದ್ದು ಮೂರು ಮೂರು ಸೊನ್ನೆ. 1.2 ಕಿಲೋಗ್ರಾಂ ಅನ್ನು ಮಿಲಿಗ್ರಾಂಗೆ ತರುವಾಗ 1 200 000 ಎಂದು ಮೂರಂಕಿಗೊಮ್ಮೆ ಜಾಗ ಬಿಟ್ಟು ಬರೆದರೆ ಎರಡು ಮೆಟ್ಟಿಲು ಕಣ್ಣಿಗೇ ಕಾಣುತ್ತವೆ.

ಬರಹದಲ್ಲಿ ಆಗುವ ತಪ್ಪುಗಳು

ಮೈಕ್ರೋ ಎಂಬುದಕ್ಕೆ ಬಳಸುವ ಗ್ರೀಕ್ ಅಕ್ಷರ ಮ್ಯೂ, ಕೈಬರಹದಲ್ಲಿ ಇಂಗ್ಲಿಷಿನ ಎಂ ಅಕ್ಷರದಂತೆಯೇ ಕಾಣಬಹುದು. ಮೈಕ್ರೋಗ್ರಾಂ ಅನ್ನು ಮಿಲಿಗ್ರಾಂ ಎಂದು ಓದಿಕೊಂಡರೆ ಪ್ರಮಾಣ ಸಾವಿರ ಪಟ್ಟು. ಅದಕ್ಕೇ ಔಷಧಗಳ ವಿಷಯದಲ್ಲಿ ಆ ಚಿಹ್ನೆ ಬಿಟ್ಟು ಎಂಸಿಜಿ (mcg) ಎಂದೋ, ಮೈಕ್ರೋಗ್ರಾಂ ಎಂದು ಪೂರ್ತಿಯಾಗಿಯೋ ಬರೆಯುವುದು ಸುರಕ್ಷಿತ. ದಶಮಾಂಶ ಬಿಂದುವಿನ ಮುಂದೆ ಸೊನ್ನೆ ಇರಲೇಬೇಕು. ಬರೀ .5 ಎಂದಿದ್ದರೆ ಬಿಂದು ಮಸುಕಾದಾಗ ಅದು 5 ಆಗುತ್ತದೆ. ಔಷಧದ ಪ್ರಮಾಣ ಬರೆಯುವಾಗ 5.0 ಎಂಬಲ್ಲಿನ ಕೊನೆಯ ಸೊನ್ನೆಯನ್ನು ಕೈಬಿಡಬೇಕು, ಇಲ್ಲವಾದರೆ ಅದನ್ನು 50 ಎಂದು ಓದುವವರಿರುತ್ತಾರೆ. ಇನ್ನೊಂದು ಗೊಂದಲ ಜಿಆರ್ (gr) ಎಂಬ ಸಂಕ್ಷೇಪದ್ದು. ಕೆಲವರು ಅದನ್ನು ಗ್ರಾಂಗೆ ಬಳಸುತ್ತಾರೆ. ಆದರೆ ಗ್ರೇನ್ ಎಂಬ ಹಳೆಯ ಮಾನದ ಸಂಕ್ಷೇಪವೂ ಅದೇ, ಅದರ ತೂಕ ಸುಮಾರು 64.8 ಮಿಲಿಗ್ರಾಂ ಮಾತ್ರ. ಗ್ರಾಂಗೆ ಜಿ (g) ಎಂಬ ಒಂದೇ ಅಕ್ಷರ ಸಾಕು.

ತೂಕದಂತೆ ಕಾಣುವ, ತೂಕವಲ್ಲದ ಸಂಖ್ಯೆಗಳು

ಮಿಲಿಲೀಟರ್ ಗಾತ್ರದ ಮಾನ. ನೀರಿಗೆ 1 ಮಿಲಿಲೀಟರ್ ಸುಮಾರು 1 ಗ್ರಾಂ ನಿಜ, ಆದರೆ ಎಣ್ಣೆ ಅದಕ್ಕಿಂತ ಹಗುರ, ಜೇನುತುಪ್ಪ ಭಾರ. 5 ಮಿಲಿಲೀಟರ್ ಚಮಚದಲ್ಲಿ ಪುಡಿ ಅಳೆದರೆ ಎಷ್ಟು ಗ್ರಾಂ ಎಂಬುದು ಆ ಪುಡಿಯನ್ನೂ ಅದನ್ನು ಒತ್ತಿ ತುಂಬಿದ ರೀತಿಯನ್ನೂ ಅವಲಂಬಿಸುತ್ತದೆ.

ವಿಟಮಿನ್ ಡಬ್ಬಿಗಳ ಮೇಲಿನ ಐಯು (IU, ಅಂತಾರಾಷ್ಟ್ರೀಯ ಘಟಕ) ಜೈವಿಕ ಪರಿಣಾಮದ ಮಾನ, ಅದಕ್ಕೆ ಒಂದೇ ಪರಿವರ್ತನೆ ಇಲ್ಲ. ವಿಟಮಿನ್ ಡಿಗೆ 40 ಐಯು ಎಂದರೆ 1 ಮೈಕ್ರೋಗ್ರಾಂ. ವಿಟಮಿನ್ ಎ ರೆಟಿನಾಲ್ ರೂಪದಲ್ಲಿದ್ದರೆ 1 ಐಯು 0.3 ಮೈಕ್ರೋಗ್ರಾಂ. ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಹಾಕಬಾರದು. ಪೊಟ್ಟಣದ ಮೇಲಿನ ಸೋಡಿಯಂ ಕೂಡ ಉಪ್ಪಿನ ತೂಕವಲ್ಲ. ಉಪ್ಪಿಗೆ ಬದಲಿಸಲು ಸುಮಾರು 2.5ರಿಂದ ಗುಣಿಸಬೇಕು: 400 ಮಿಲಿಗ್ರಾಂ ಸೋಡಿಯಂ ಇದ್ದರೆ 1 ಗ್ರಾಂ ಉಪ್ಪು. ಪಿಪಿಎಂ (ppm, ಹತ್ತು ಲಕ್ಷದಲ್ಲಿ ಒಂದು ಭಾಗ) ಕಂಡರೆ ಗಾಬರಿ ಬೇಡ, ತೂಕದ ಲೆಕ್ಕದಲ್ಲಿ ಅದು ಒಂದು ಕಿಲೋಗ್ರಾಂಗೆ ಒಂದು ಮಿಲಿಗ್ರಾಂ.

ತೂಗುವಾಗ

ತೂಕದ ಯಂತ್ರ ಎಷ್ಟು ಭಾರ ತಡೆಯುತ್ತದೆ ಎಂಬುದರ ಜೊತೆಗೆ ಎಷ್ಟು ಸಣ್ಣದನ್ನು ತೋರಿಸುತ್ತದೆ ಎಂದೂ ನೋಡಿ. 0.01 ಗ್ರಾಂ ತೋರಿಸುವ ಯಂತ್ರದ ಒಂದು ಹೆಜ್ಜೆಯೇ 10 ಮಿಲಿಗ್ರಾಂ. ಅದರಲ್ಲಿ 50 ಮಿಲಿಗ್ರಾಂ ತೂಗಿದಾಗ ಒಂದು ಹೆಜ್ಜೆ ತಪ್ಪಿದರೂ ಶೇ. 20ರಷ್ಟು ವ್ಯತ್ಯಾಸ, 1 ಗ್ರಾಂ ತೂಗಿದರೆ ಅದೇ ತಪ್ಪು ಶೇ. 1 ಮಾತ್ರ. ಯಂತ್ರ ಸಮತಟ್ಟಾಗಿರಲಿ, ಫ್ಯಾನ್ ಗಾಳಿ ಬೀಳದಿರಲಿ. ಖಾಲಿ ಪಾತ್ರೆ ಇಟ್ಟು, ಅದರ ತೂಕ ಕಳೆದು ಸೊನ್ನೆ ತೋರಿಸುವ ಟೇರ್ ಗುಂಡಿ ಒತ್ತಿ, ಸೊನ್ನೆ ನಿಂತ ಮೇಲೆ ವಸ್ತು ಹಾಕಿ. ಪರದೆಯ ಮೇಲಿನ ಮಾನವನ್ನೂ ಓದಿ: ಗುಂಡಿ ತಗುಲಿ, ರತ್ನಗಳನ್ನು ತೂಗುವ ಮಾನವಾದ ಕ್ಯಾರಟ್‌ಗೆ ಬದಲಾಗಿದ್ದರೆ, 1 ಕ್ಯಾರಟ್ 0.2 ಗ್ರಾಂ ಆದ್ದರಿಂದ, ಅಂಕಿ ಐದು ಪಟ್ಟು ಕಾಣುತ್ತದೆ.

ಯಂತ್ರದ ಶಕ್ತಿಗೆ ಮೀರಿದ ಸಣ್ಣ ತೂಕ ಬೇಕಾದರೆ ಕರಗಿಸಿ ಅಳೆಯುವ ದಾರಿಯಿದೆ. ನೀರಿನಲ್ಲಿ ಪೂರ್ತಿ ಕರಗುವ ವಸ್ತುವನ್ನು 1.00 ಗ್ರಾಂ ತೂಗಿ ಅಳತೆಯ ಪಾತ್ರೆಗೆ ಹಾಕಿ. ಸ್ವಲ್ಪ ನೀರಿನಲ್ಲಿ ಕರಗಿಸಿದ ಮೇಲೆ 100 ಮಿಲಿಲೀಟರ್ ಗೆರೆಯವರೆಗೆ ನೀರು ತುಂಬಿ. ಮೊದಲೇ 100 ಮಿಲಿಲೀಟರ್ ನೀರು ಅಳೆದು ಸೇರಿಸಿದರೆ, ಕರಗಿದ ವಸ್ತುವಿನಿಂದ ಒಟ್ಟು ಗಾತ್ರ ಬದಲಾಗಿ ಲೆಕ್ಕ ಕೊಂಚ ತಪ್ಪುತ್ತದೆ. ಈಗ ಪ್ರತಿ ಮಿಲಿಲೀಟರ್‌ನಲ್ಲಿ 10 ಮಿಲಿಗ್ರಾಂ ಇದೆ. ಚೆನ್ನಾಗಿ ಕಲಕಿ ಸಿರಿಂಜಿನಲ್ಲಿ 5 ಮಿಲಿಲೀಟರ್ ತೆಗೆದರೆ 50 ಮಿಲಿಗ್ರಾಂ ಕೈಗೆ ಸಿಗುತ್ತದೆ. ತಳದಲ್ಲಿ ಪುಡಿ ಉಳಿದಿದ್ದರೆ ಈ ಲೆಕ್ಕ ನಿಲ್ಲದು. ಔಷಧಗಳನ್ನಂತೂ ಹೀಗೆ ಮನೆಯಲ್ಲಿ ಭಾಗ ಮಾಡಲು ಹೋಗದೆ ಔಷಧ ತಜ್ಞರಿಗೇ ಬಿಡಬೇಕು.