ಕಾಜಾದಿಂದ ಒಂದು ದಿನ: ಧಂಕರ್ ಗೊಂಪಾ ಮತ್ತು ಲಾಲುಂಗ್ ಹಳ್ಳಿಗೆ ಹೋಗುವುದು ಹೇಗೆ

ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಗೆ ಹೋದವರಲ್ಲಿ ಹೆಚ್ಚಿನವರು ಕೀ, ಕಿಬ್ಬರ್, ಚಿಚಮ್ ಸೇತುವೆ, ಲಾಂಗ್ಜಾ, ಹಿಕ್ಕಿಂ, ಕೋಮಿಕ್ ಎಲ್ಲವನ್ನೂ ಒಂದೇ ದಿನಕ್ಕೆ ತುರುಕಿಕೊಂಡು ಸಂಜೆ ಸುಸ್ತಾಗಿ ಕಣಿವೆಯ ಮುಖ್ಯ ಪಟ್ಟಣ ಕಾಜಾಗೆ ವಾಪಸ್ ಬರುತ್ತಾರೆ. ಯಾವ ಹಳ್ಳಿಯಲ್ಲೂ ಅರ್ಧ ಗಂಟೆ ಕೂತಿರುವುದಿಲ್ಲ. ನನ್ನ ಸಲಹೆ ಬೇರೆ. ಒಂದು ದಿನಕ್ಕೆ ಒಂದು ಗೊಂಪಾ (ಬೌದ್ಧ ಮಠ), ಒಂದೋ ಎರಡೋ ಹಳ್ಳಿ, ಜೊತೆಗೆ ಆ ಊರಿನವರೇ ಆದ ಒಬ್ಬ ಗೈಡ್. ಇಷ್ಟಿದ್ದರೆ ಸಾಕು. ಅದಕ್ಕೆ ಧಂಕರ್ ಮತ್ತು ಲಾಲುಂಗ್‌ಗಿಂತ ಒಳ್ಳೆಯ ಜೋಡಿ ಆ ಕಣಿವೆಯಲ್ಲಿ ನನಗೆ ಕಂಡಿಲ್ಲ.

ಧಂಕರ್ ಇರುವುದು ಸುಮಾರು 3,890 ಮೀಟರ್ ಎತ್ತರದಲ್ಲಿ, ಸ್ಪಿತಿ ಮತ್ತು ಪಿನ್ ನದಿಗಳು ಸೇರುವ ಜಾಗದ ಮೇಲೆ. 17ನೇ ಶತಮಾನದಲ್ಲಿ ಇದೇ ಸ್ಪಿತಿಯ ರಾಜಧಾನಿ. ಅಲ್ಲಿನ ಆಳುವವರನ್ನು ನೋನೋ ಅಂತ ಕರೆಯುತ್ತಿದ್ದರು, ಅವರ ಕೋಟೆ ಗುಡ್ಡದ ತುದಿಯಲ್ಲಿತ್ತು. ಗೊಂಪಾ ಇರುವುದು ಬಂಡೆಯ ಮೇಲಲ್ಲ, ಮಣ್ಣು ಮತ್ತು ಜಲ್ಲಿಕಲ್ಲು ಕಚ್ಚಿಕೊಂಡ ಕಡಿದಾದ ಇಳಿಜಾರಿನ ಅಂಚಿನಲ್ಲಿ. ಗಾಳಿ, ನೀರು ಕೊರೆದು ಕೊರೆದು ಆ ಇಳಿಜಾರು ಈಗ ಗೆದ್ದಲ ಹುತ್ತಗಳ ಸಾಲಿನಂತೆ ನಿಂತಿದೆ. ಅದು ಸವೆಯುತ್ತಲೇ ಇದೆ. 2006ರಲ್ಲಿ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಸಂಸ್ಥೆ ಜಗತ್ತಿನ ಅತ್ಯಂತ ಅಪಾಯದಲ್ಲಿರುವ 100 ತಾಣಗಳ ಪಟ್ಟಿಯಲ್ಲಿ ಇದನ್ನೂ ಸೇರಿಸಿತ್ತು. ಈಗ ಪಕ್ಕದಲ್ಲಿ ಹೊಸ ಗೊಂಪಾ ಕಟ್ಟಿದ್ದಾರೆ. ಹಳೆಯದನ್ನು ನೋಡಬಹುದು, ಆದರೆ ಒಮ್ಮೆಗೆ ತುಂಬಾ ಜನರನ್ನು ಒಳಗೆ ಬಿಡುವುದಿಲ್ಲ. ಲಾಮಾ ಸ್ವಲ್ಪ ಕಾಯಿರಿ ಅಂದರೆ ಹೊರಗೆ ಕಾಯಿರಿ. ಆ ನೆಲ, ಆ ಮಾಳಿಗೆ ತಡೆದುಕೊಳ್ಳುವ ಭಾರಕ್ಕೆ ಮಿತಿ ಇದೆ.

ಮೊದಲು ದೇಹದ ವಿಷಯ. ಬೆಂಗಳೂರಿನಿಂದ ವಿಮಾನದಲ್ಲಿ ಚಂಡೀಗಢಕ್ಕೆ ಹೋಗಿ, ಅಲ್ಲಿಂದ ಮನಾಲಿ ಮೇಲೆ ಕುಂಜುಂ ಪಾಸ್ ದಾಟಿ ಎರಡೇ ದಿನದಲ್ಲಿ ಕಾಜಾ ಸೇರುವವರು ಇದ್ದಾರೆ. ಕುಂಜುಂ 4,500 ಮೀಟರ್ ದಾಟುತ್ತದೆ, ದೇಹಕ್ಕೆ ಹೊಂದಿಕೊಳ್ಳಲು ಸಮಯವೇ ಸಿಗುವುದಿಲ್ಲ. ಶಿಮ್ಲಾ ಕಡೆಯಿಂದ ರಾಂಪುರ, ಕಲ್ಪಾ, ನಾಕೋ, ತಾಬೋ ಹೀಗೆ ಮೆಟ್ಟಿಲು ಹತ್ತಿದ ಹಾಗೆ ಬನ್ನಿ. ದಿನ ಜಾಸ್ತಿ ಹಿಡಿಯುತ್ತದೆ, ಆದರೆ ಕಾಜಾದ 3,650 ಮೀಟರ್ ಎತ್ತರದಲ್ಲಿ ಮೊದಲ ರಾತ್ರಿ ನಿದ್ದೆ ಬರುತ್ತದೆ. ಹೇಗೇ ಬಂದರೂ ಕಾಜಾದಲ್ಲಿ ಒಂದು ಪೂರ್ತಿ ದಿನ ಸುಮ್ನೆ ಓಡಾಡಿಕೊಂಡಿದ್ದು ಆಮೇಲೆ ಈ ಟ್ರಿಪ್ ಇಟ್ಟುಕೊಳ್ಳಿ. ತಲೆನೋವು, ವಾಕರಿಕೆ, ಊಟ ಸೇರದಿರುವುದು, ಇವು ಎತ್ತರದ ಕಾಯಿಲೆಯ ಲಕ್ಷಣಗಳು. ಬೆಳಿಗ್ಗೆ ಎದ್ದಾಗ ಇವುಗಳಲ್ಲಿ ಯಾವುದು ಇದ್ದರೂ ಆ ದಿನದ ಪ್ರೋಗ್ರಾಂ ಮುಂದಕ್ಕೆ ಹಾಕಿ. ಜಾಸ್ತಿ ಆಗುತ್ತಿದ್ದರೆ ಮೇಲೆ ಹೋಗಬೇಡಿ, ಕೆಳಗೆ ಇಳಿಯಿರಿ, ಕಾಜಾದಲ್ಲಿ ಸರ್ಕಾರಿ ಆಸ್ಪತ್ರೆ ಇದೆ. ಎತ್ತರದ ಕಾಯಿಲೆ ಬರದಂತೆ ತೆಗೆದುಕೊಳ್ಳುವ ಡೈಮಾಕ್ಸ್ ಮಾತ್ರೆ ಬೇಕಾ ಬೇಡವಾ ಅನ್ನುವುದನ್ನು ಊರು ಬಿಡುವ ಮೊದಲೇ ನಿಮ್ಮ ಡಾಕ್ಟರ್ ಹತ್ತಿರ ಕೇಳಿಕೊಳ್ಳಿ, ಬಿಪಿ ಅಥವಾ ಉಸಿರಾಟದ ತೊಂದರೆ ಇರುವವರಂತೂ ಕೇಳಲೇಬೇಕು. ಆ ದಿನಗಳಲ್ಲಿ ಮದ್ಯ ಮುಟ್ಟಬೇಡಿ.

ಇನ್ನು ಗೈಡ್. ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. ಕಾಜಾದಲ್ಲಿ ಗೈಡೆಡ್ ಟ್ರಿಪ್ ಅಂದರೆ ಎಷ್ಟೋ ಸಲ ಬರೀ ಗಾಡಿ ಮತ್ತು ಡ್ರೈವರ್ ಅಷ್ಟೇ. ಡ್ರೈವರ್ ಒಳ್ಳೆಯವರೇ ಇರುತ್ತಾರೆ, ಆದರೆ ಗೊಂಪಾ ಬಾಗಿಲವರೆಗೆ ಬಿಟ್ಟು ಗಾಡಿಯಲ್ಲೇ ಕಾಯುತ್ತಾರೆ. ನಿಮಗೆ ಬೇಕಾದದ್ದು ಒಳಗೆ ಬಂದು, ಗೋಡೆಯ ಮೇಲಿರುವುದು ಯಾರು, ಈ ಕೋಣೆಗೆ ಯಾಕೆ ಕೆಲವೊಮ್ಮೆ ಯಾರನ್ನೂ ಬಿಡುವುದಿಲ್ಲ, ಈ ಹೊಲದಲ್ಲಿ ಏನು ಬೆಳೆದಿದೆ ಅಂತ ಹೇಳುವವರು. ಹೋಂಸ್ಟೇ ಮಾಲೀಕರನ್ನೇ ಮೊದಲು ಕೇಳಿ. ಅವರ ಅಣ್ಣನೋ ನೆಂಟರ ಹುಡುಗನೋ ಧಂಕರ್ ಕಡೆಯವನಾಗಿರುವ ಸಾಧ್ಯತೆ ಚೆನ್ನಾಗಿಯೇ ಇದೆ. ಗಾಡಿಯ ಬಾಡಿಗೆಗೆ ಕಾಜಾ ಟ್ಯಾಕ್ಸಿ ಯೂನಿಯನ್ ದರಪಟ್ಟಿ ಇದೆ, ಅದನ್ನು ನೋಡಿಕೊಂಡೇ ಮಾತಾಡಿ. ದರ ಗಾಡಿಗೆ, ತಲೆಗೆ ಅಲ್ಲ. ಹಾಗಾಗಿ ನಾಲ್ಕೈದು ಜನ ಸೇರಿದರೆ ತುಂಬಾ ಹಗುರ ಆಗುತ್ತದೆ. ಒಬ್ಬರೇ ಬಂದಿದ್ದರೆ ಹಿಂದಿನ ಸಂಜೆ ಮಾರ್ಕೆಟ್‌ನಲ್ಲಿ ಚಹಾ ಕುಡಿಯುತ್ತಾ ವಿಚಾರಿಸಿ, ಜೊತೆ ಸಿಗುತ್ತದೆ. ಗೈಡ್‌ಗೆ ಕೊಡುವುದು ಬೇರೆ, ಅದನ್ನು ಮೊದಲೇ ಮಾತಾಡಿ ಮುಗಿಸಿ.

ಹೊರಡುವ ಮುಂಚೆ ಅವರ ಹತ್ತಿರ ಇಷ್ಟು ಖಚಿತ ಮಾಡಿಕೊಳ್ಳಿ. ಧಂಕರ್ ಸರೋವರಕ್ಕೆ ಹತ್ತುವ ಸಮಯ ಲೆಕ್ಕದಲ್ಲಿ ಇದೆಯಾ? ಕಾಯುವುದಕ್ಕೆ ಬೇರೆ ದುಡ್ಡಾ? ನಡುವೆ ಯಾರಿಗಾದರೂ ಹುಷಾರು ತಪ್ಪಿದರೆ ತಕ್ಷಣ ವಾಪಸ್ ಬರುತ್ತೀರಾ? ಇವೆಲ್ಲಕ್ಕಿಂತ ಮುಖ್ಯವಾಗಿ, ಲಾಲುಂಗ್ ಗುಡಿಯ ಬೀಗದ ಕೈ ಯಾರ ಹತ್ತಿರ ಇದೆ? ಲಾಲುಂಗ್‌ನಲ್ಲಿ ಬಾಗಿಲು ಹಾಕಿರುವುದೇ ಹೆಚ್ಚು. ಬೀಗದ ಕೈ ಇಟ್ಟುಕೊಂಡವರು ಹೊಲಕ್ಕೆ ಹೋಗಿದ್ದರೆ ನೀವು ಹೊರಗಿನ ಗೋಡೆ ನೋಡಿ ವಾಪಸ್ ಬರಬೇಕು. ಊರಿನ ಪರಿಚಯ ಇರುವ ಗೈಡ್ ಹಿಂದಿನ ದಿನವೇ ಫೋನ್ ಮಾಡಿ ಹೇಳಿಟ್ಟಿರುತ್ತಾನೆ.

ಬೆಳಿಗ್ಗೆ ಏಳೂವರೆಗೆಲ್ಲ ಹೊರಟುಬಿಡಿ. ಸ್ಪಿತಿಯಲ್ಲಿ ಮಧ್ಯಾಹ್ನದ ಮೇಲೆ ಗಾಳಿ ಜೋರು. ಅದು ಬೀಸಲು ಶುರುವಾಗುವ ಹೊತ್ತಿಗೆ ನೀವು ಸರೋವರದಿಂದ ಇಳಿದಿರಬೇಕು. ಕಾಜಾದಿಂದ ನದಿ ಗುಂಟ ತಾಬೋ ಕಡೆಗೆ ಹೋಗುವ ರಸ್ತೆ. ಅಟ್ಟರ್ಗೋ ಸೇತುವೆ ಹತ್ತಿರ ಪಿನ್ ಕಣಿವೆಗೆ ದಾರಿ ಒಡೆಯುತ್ತದೆ, ನೀವು ನೇರ ಹೋಗಿ. ಶಿಚ್ಲಿಂಗ್ ಹತ್ತಿರ ಹೆದ್ದಾರಿ ಬಿಟ್ಟು ಸುಮಾರು 8 ಕಿಲೋಮೀಟರ್ ತಿರುವು ತಿರುವಾಗಿ ಮೇಲೆ ಹತ್ತಬೇಕು. ಹೊಟ್ಟೆ ತೊಳೆಸುವವರು ಮುಂದಿನ ಸೀಟ್ ಕೇಳಿ ಕೂತುಕೊಳ್ಳಿ.

ಹಳೇ ಗೊಂಪಾ ಒಳಗೆ ನಿಧಾನ. ಬಾಗಿಲುಗಳು ಎಷ್ಟು ಗಿಡ್ಡ ಅಂದರೆ ಎತ್ತರದವರು ಪೂರ್ತಿ ಬಗ್ಗಬೇಕು. ಮೆಟ್ಟಿಲುಗಳು ಸವೆದಿವೆ, ಒಂದು ಕಡೆ ಇಳಿಜಾರಾಗಿವೆ. ಬೆಳಕಿನಿಂದ ಒಳಗೆ ಹೋದಾಗ ಒಂದೆರಡು ನಿಮಿಷ ಏನೂ ಕಾಣುವುದಿಲ್ಲ, ಬೆಣ್ಣೆ ದೀಪದ ವಾಸನೆ ಮಾತ್ರ. ಆಗ ಮೊಬೈಲ್ ಟಾರ್ಚ್ ಹಾಕಬೇಡಿ, ಹಾಗೇ ನಿಲ್ಲಿ. ಕಣ್ಣು ಹೊಂದಿಕೊಂಡ ಮೇಲೆ ಮಣ್ಣಿನ ಗೋಡೆಯಿಂದ ಒಂದೊಂದೇ ಚಿತ್ರ ಎದ್ದು ಬರುತ್ತದೆ, ಮೊದಲು ಕೆಂಪು, ಆಮೇಲೆ ಮುಖಗಳು. ಮಾಳಿಗೆಗೆ ಬಿಟ್ಟರೆ ಅಲ್ಲಿಂದ ಕೆಳಗೆ ಎರಡು ನದಿ ಹತ್ತಾರು ಎಳೆಯಾಗಿ ಕವಲೊಡೆದು ಮತ್ತೆ ಸೇರುವುದು ಕಾಣುತ್ತದೆ. ಅಂಚಿಗೆ ಹೋಗಿ ಸೆಲ್ಫಿ ತೆಗೆಯಬೇಡಿ, ಅದು ಗಟ್ಟಿ ಕಲ್ಲಲ್ಲ.

ಮರ್ಯಾದೆಯ ವಿಷಯದಲ್ಲಿ ನಮಗೆ ಹೊಸದಾಗಿ ಕಲಿಯುವುದು ಕಮ್ಮಿ. ಚಪ್ಪಲಿ ಹೊರಗೆ, ಟೋಪಿ ಕೈಯಲ್ಲಿ, ಪ್ರದಕ್ಷಿಣೆ ನಮ್ಮ ದೇವಸ್ಥಾನದಲ್ಲಿ ಹಾಕುವ ದಿಕ್ಕಿನಲ್ಲೇ. ಪ್ರಾರ್ಥನಾ ಚಕ್ರವನ್ನೂ ಅದೇ ದಿಕ್ಕಿಗೆ ತಿರುಗಿಸಬೇಕು. ದಾರಿಯಲ್ಲಿ ಮಂತ್ರ ಕೆತ್ತಿದ ಕಲ್ಲುಗಳ ಗೋಡೆ ಸಿಕ್ಕಿದರೆ ಅದು ನಿಮ್ಮ ಬಲಗೈ ಕಡೆಗೆ ಬರುವ ಹಾಗೆ ಹಾದುಹೋಗಿ. ಒಳಗೆ ಫೋಟೋಗೆ ಕೇಳಿಯೇ ಕೈ ಹಾಕಿ. ಬೇಡ ಅಂದರೆ ಬೇಡ, ಫ್ಲ್ಯಾಶ್ ಅಂತೂ ಬೇಡವೇ ಬೇಡ. ಕಾಣಿಕೆ ಡಬ್ಬಕ್ಕೆ ನಿಮಗೆ ತೋಚಿದಷ್ಟು ಹಾಕಿ.

ಇನ್ನೊಂದು ಮಾತು. ಧಂಕರ್ ಗೊಂಪಾ ಟಿಬೆಟನ್ ಬೌದ್ಧರ ಗೆಲುಗ್ ಪಂಥದ್ದು. ಅದೇ ಪಂಥದ ದೊಡ್ಡ ವಿದ್ಯಾಕೇಂದ್ರಗಳು ನಮ್ಮಲ್ಲೇ ಇವೆ, ಬೈಲಕುಪ್ಪೆಯಲ್ಲಿ ಸೆರಾ, ಮುಂಡಗೋಡದಲ್ಲಿ ಡ್ರೆಪುಂಗ್ ಮತ್ತು ಗಾಂಡೆನ್. ಹಿಮಾಲಯದ ಹಳ್ಳಿಗಳ ಹುಡುಗರು ಅಲ್ಲಿಗೆ ಓದಲು ಬರುತ್ತಾರೆ. ಹಾಗಾಗಿ ಸ್ಪಿತಿಯ ಲಾಮಾಗಳ ಹತ್ತಿರ ಕರ್ನಾಟಕದವರು ಅಂತ ಹೇಳಿ ನೋಡಿ. ಮುಂಡಗೋಡದ ಬಿಸಿಲು, ಹುಬ್ಬಳ್ಳಿ ಬಸ್ಸು ನೆನಪಿರುವವರು ಸಿಕ್ಕಿದರೆ ಗೈಡ್ ಇಲ್ಲದೆಯೂ ಮಾತು ಮುಂದೆ ಹೋಗುತ್ತದೆ. ನಮಸ್ಕಾರಕ್ಕೆ ಅಲ್ಲಿ ಜುಲೆ ಅಂದರೆ ಸಾಕು.

ಗೊಂಪಾ ಆದ ಮೇಲೆ ಸರೋವರ. ಒಂದರಿಂದ ಒಂದೂವರೆ ಗಂಟೆಯ ಏರು, 4,100 ಮೀಟರ್ ದಾಟುತ್ತದೆ. ದಾರಿಯಲ್ಲಿ ಒಂದು ಮರ ಇಲ್ಲ, ನೀರಿಲ್ಲ. ದೂರ ಕಮ್ಮಿ ಅಂತ ಬೇಗ ಬೇಗ ಹತ್ತಬೇಡಿ. ಮಾತಾಡುತ್ತಾ ನಡೆಯಲು ಆಗದಿದ್ದರೆ ನೀವು ಜಾಸ್ತಿ ವೇಗದಲ್ಲಿದ್ದೀರಿ ಅಂತ ಅರ್ಥ. ಗಾಳಿ ಇಲ್ಲದ ಬೆಳಿಗ್ಗೆ ಮಣಿರಂಗ್ ಶಿಖರ ಆ ನೀರಿನಲ್ಲಿ ಕಾಣುತ್ತದೆ. ಮಂಡಿನೋವಿನವರು, ಚಿಕ್ಕ ಮಕ್ಕಳ ಜೊತೆ ಬಂದವರು ಇದನ್ನು ಬಿಟ್ಟು ಧಂಕರ್ ಹಳ್ಳಿಯ ಓಣಿಗಳಲ್ಲಿ ಓಡಾಡಿ, ಏನೂ ಕಳೆದುಕೊಂಡ ಹಾಗಲ್ಲ. ಸುಣ್ಣ ಬಳಿದ ಮಣ್ಣಿನ ಮನೆಗಳು, ಕಿಟಕಿಗೆ ಕಪ್ಪು ಪಟ್ಟಿ, ಮಾಳಿಗೆಯ ಅಂಚಿಗೆ ಚಳಿಗಾಲಕ್ಕೆ ಅಂತ ಜೋಡಿಸಿಟ್ಟ ಸೌದೆ ಮತ್ತು ಒಣಹುಲ್ಲು. ಕೆಳಗೆ ಬಾರ್ಲಿ, ಹಸಿ ಬಟಾಣಿ ಹೊಲ. ಬಟಾಣಿಯೇ ಇಲ್ಲಿ ಕೈಗೆ ಕಾಸು ತರುವ ಬೆಳೆ. ಕುಯ್ಲಿನ ಸಮಯದಲ್ಲಿ ಹೋದರೆ ಯಾರಿಗೂ ಪುರುಸೊತ್ತಿರುವುದಿಲ್ಲ, ಅಡ್ಡ ನಿಂತು ಫೋಟೋ ಕೇಳಬೇಡಿ. ಎರಡು ಹಸಿ ಕಾಯಿ ಕೈಗಿಟ್ಟರೆ ತಿಂದು ನೋಡಿ, ಅಷ್ಟು ಸಿಹಿ ಬಟಾಣಿ ನಮ್ಮ ಕಡೆ ಸಿಗುವುದಿಲ್ಲ.

ಊಟಕ್ಕೆ ಹೊಸ ಗೊಂಪಾ ಹತ್ತಿರದ ಅತಿಥಿಗೃಹದಲ್ಲಿ ತುಕ್ಪಾ (ನೂಡಲ್ಸ್ ಸೂಪ್), ಮೊಮೊ, ಅನ್ನ ಬೇಳೆ ಸಿಗುತ್ತದೆ. ಸಸ್ಯಾಹಾರಿಗಳು ಆರ್ಡರ್ ಮಾಡುವಾಗಲೇ ಹೇಳಿ. ಬೆಣ್ಣೆ ಚಹಾ ಉಪ್ಪು ಉಪ್ಪಾಗಿರುತ್ತದೆ, ಟೀ ಅಂದುಕೊಳ್ಳದೆ ಸಾರು ಅಂದುಕೊಂಡು ಕುಡಿದರೆ ಇಷ್ಟವಾಗುತ್ತದೆ. ಊರಿಂದ ತಂದ ಚಕ್ಕುಲಿ, ಹಚ್ಚಿದ ಅವಲಕ್ಕಿ ಬ್ಯಾಗಿನಲ್ಲಿ ಇರಲಿ. ಸೀಲ್ ಮಾಡಿದ ಪ್ಯಾಕೆಟ್‌ಗಳು ಆ ಎತ್ತರದಲ್ಲಿ ಬಲೂನಿನ ಹಾಗೆ ಉಬ್ಬುತ್ತವೆ, ಗಾಬರಿ ಬೇಡ. ಪ್ಲಾಸ್ಟಿಕ್ ಕವರ್ ಮಾತ್ರ ಕಾಜಾಗೆ ವಾಪಸ್ ತನ್ನಿ.

ಅಲ್ಲಿಂದ ಲಾಲುಂಗ್. ಜೀಪ್ ದಾರಿ ಇದೆ. ಇಲ್ಲಿನ ಗುಡಿಗೆ ಸೆರ್ಖಾಂಗ್ ಅಂತ ಹೆಸರು. 10ನೇ ಶತಮಾನದ ಕೊನೆಯಲ್ಲಿ ಬೌದ್ಧ ವಿದ್ವಾಂಸ ರಿಂಚೆನ್ ಝಾಂಗ್ಪೋ ಕಟ್ಟಿಸಿದ್ದು ಅಂತ ಊರವರು ನಂಬುತ್ತಾರೆ. ಹೊರಗಿನಿಂದ ನೋಡಿದರೆ ಸಾಧಾರಣ ಮಣ್ಣಿನ ಕಟ್ಟಡ. ಒಳಗೆ ಗೋಡೆ ತುಂಬಾ ಜೇಡಿಮಣ್ಣಿನಲ್ಲಿ ಮಾಡಿ ಬಣ್ಣ, ಬಂಗಾರದ ಲೇಪ ಕೊಟ್ಟ ಮೂರ್ತಿಗಳು, ಗೋಡೆಯಿಂದಲೇ ಹೊರಗೆ ಬಾಗಿದ ಹಾಗೆ. ಕೋಣೆ ಚಿಕ್ಕದು, ಮೂರ್ತಿಗಳು ತೀರಾ ಹತ್ತಿರ. ಬೆನ್ನಿನ ಬ್ಯಾಗು ಹೊರಗೇ ಇಟ್ಟು ಒಳಗೆ ಹೋಗಿ, ತಿರುಗುವಾಗ ತಾಗಿದರೆ ಸಾವಿರ ವರ್ಷದ ಮಣ್ಣು ಉದುರುತ್ತದೆ. ಬೀಗ ತೆಗೆದುಕೊಟ್ಟವರು ಅವರ ಕೆಲಸ ಬಿಟ್ಟು ಬಂದಿರುತ್ತಾರೆ, ಒಂದಿಷ್ಟು ಕೊಟ್ಟು ಬನ್ನಿ.

ಹಳ್ಳಿಯಲ್ಲಿ ಶೌಚಾಲಯ ಒಣ ಪದ್ಧತಿಯದು, ನೀರು ಹಾಕಬಾರದು, ಪಕ್ಕದಲ್ಲಿರುವ ಮಣ್ಣನ್ನು ಹಾಕಬೇಕು. ಅದೇ ಮುಂದೆ ಹೊಲಕ್ಕೆ ಗೊಬ್ಬರ. ಮಕ್ಕಳಿಗೆ ಚಾಕೊಲೇಟ್ ಹಂಚಬೇಡಿ. ಅಜ್ಜಿಯರ ಫೋಟೋ ಕೇಳಿ ತೆಗೆಯಿರಿ, ತೆಗೆದ ಮೇಲೆ ತೋರಿಸಿ, ಅವರಿಗೆ ಅದು ಖುಷಿ.

ಜೊತೆಗೆ ಏನು ಬೇಕು ಅಂದರೆ ಎರಡು ಲೀಟರ್ ನೀರು, ಸನ್‌ಸ್ಕ್ರೀನ್, ತಂಪು ಕನ್ನಡಕ, ಗಾಳಿ ತಡೆಯುವ ಜಾಕೆಟ್, ಹಿಡಿತ ಇರುವ ಬೂಟು. ನಗದು ಕಾಜಾ ಸೇರುವ ಮೊದಲೇ ತೆಗೆದಿಟ್ಟುಕೊಳ್ಳಿ, ಅಲ್ಲಿನ ಎಟಿಎಂ ಮತ್ತು ಮೊಬೈಲ್ ಪಾವತಿ ಎರಡನ್ನೂ ನಂಬಿ ಕೂರಬೇಡಿ. ಆಧಾರ್ ಕಾರ್ಡ್ ಇರಲಿ. ಭಾರತೀಯರಿಗೆ ಪರ್ಮಿಟ್ ಬೇಡ. ಹೊರದೇಶದಲ್ಲಿ ನೆಲೆಸಿ ವಿದೇಶಿ ಪಾಸ್‌ಪೋರ್ಟ್ ಪಡೆದ ನಮ್ಮವರು ಶಿಮ್ಲಾ ದಾರಿಯಲ್ಲಿ ಸಿಗುವ ಕಿನ್ನೌರ್ ಜಿಲ್ಲೆಯ ಕಡೆಯಿಂದ ಬರುವುದಾದರೆ ಇನ್ನರ್ ಲೈನ್ ಪರ್ಮಿಟ್ ಬೇಕು, ಕಿನ್ನೌರ್‌ನ ಜಿಲ್ಲಾ ಕೇಂದ್ರ ರೆಕಾಂಗ್ ಪಿಯೋದಲ್ಲಿ ಮಾಡಿಸಬಹುದು.

ಕಾಲ ಯಾವುದು ಅಂತ ಕೇಳಿದರೆ ನನ್ನ ಓಟು ಸೆಪ್ಟೆಂಬರ್‌ಗೆ. ಸ್ಪಿತಿಯಲ್ಲಿ ಮಳೆ ಕಮ್ಮಿ, ಆದರೆ ಜುಲೈ, ಆಗಸ್ಟ್‌ನಲ್ಲಿ ಕಿನ್ನೌರ್ ದಾರಿಯಲ್ಲಿ ಗುಡ್ಡ ಕುಸಿದು ದಿನಗಟ್ಟಲೆ ಸಿಕ್ಕಿಹಾಕಿಕೊಳ್ಳುವುದುಂಟು. ಶಿಮ್ಲಾ ಕಡೆಯಿಂದ ಬರುವವರಿಗೆ ಇನ್ನೂ ಒಂದು ಅನುಕೂಲ ಇದೆ. ನಿಧಾನವಾಗಿ ಬಂದು ದೇಹ ಎತ್ತರಕ್ಕೆ ಹೊಂದಿಕೊಂಡಿದ್ದರೆ, ಕಾಜಾದಲ್ಲಿ ಮೊದಲು ಒಂದು ದಿನ ಕಳೆಯುವ ಬದಲು ತಾಬೋದಲ್ಲಿ ರಾತ್ರಿ ಉಳಿದು, ಬೆಳಿಗ್ಗೆ 996ರಲ್ಲಿ ಕಟ್ಟಿದ ಅಲ್ಲಿನ ಗೊಂಪಾ ನೋಡಿ, ಲಗೇಜ್ ಸಮೇತ ಧಂಕರ್, ಲಾಲುಂಗ್ ಮುಗಿಸಿಕೊಂಡು ಸಂಜೆ ಕಾಜಾ ಸೇರಬಹುದು. ಆಗ ಹೋಗಿ ಬರುವ ದಾರಿ ಉಳಿಯುತ್ತದೆ, ಆದರೆ ಸರೋವರ ಬಿಡಬೇಕಾಗುತ್ತದೆ. ಲಾಂಗ್ಜಾ, ಹಿಕ್ಕಿಂ, ಕೋಮಿಕ್ ಸುಮಾರು 4,400 ಮೀಟರ್ ಅಥವಾ ಅದಕ್ಕೂ ಮೇಲಿವೆ, ಅವನ್ನು ಮಾರನೇ ದಿನಕ್ಕೆ ಇಟ್ಟುಕೊಳ್ಳಿ. ಧಂಕರ್ ಹತ್ತಿ ಇಳಿದ ದೇಹ ಆ ಹೊತ್ತಿಗೆ ತಯಾರಾಗಿರುತ್ತದೆ. ಗೈಡ್ ಇಷ್ಟವಾಗಿದ್ದರೆ ಅವರನ್ನೇ ಆ ಸಂಜೆ ಕೇಳಿಬಿಡಿ, ಸೀಸನ್‌ನಲ್ಲಿ ಒಳ್ಳೆಯವರು ಬೇಗ ಬುಕ್ ಆಗಿಬಿಡುತ್ತಾರೆ.